ಒಂದೇ ಬಾಳು, ಮೂರು ಆತ್ಮಕಥೆ: ಮಹರ್ಷಿ ಕರ್ವೆಯವರ ಮನೆ ಮತ್ತು ಸೇವೆ

ಸಮಾಜಸೇವೆಗೆ ಬಾಳನ್ನು ಮುಡಿಪಿಟ್ಟವರ ಆತ್ಮಕಥೆಗಳು ಭಾರತೀಯ ಭಾಷೆಗಳಲ್ಲಿ ಕಡಿಮೆಯೇನೂ ಇಲ್ಲ. ಆದರೆ ಅವುಗಳಲ್ಲಿ ಬಹುಪಾಲು ಸೇವೆ ಮಾಡಿದವರೊಬ್ಬರೇ ಹೇಳಿಕೊಂಡ ಕಥೆಗಳಾದುದರಿಂದ, ಆ ಸೇವೆಗಾಗಿ ಅವರ ಮನೆಯವರು ತೆತ್ತದ್ದೇನು ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಕನ್ನಡದಲ್ಲಿ ಹುಟ್ಟಿಕೊಂಡಿರುವುದು ಬಹುಶಃ ಹೀಗೆ ಬರಹಕ್ಕೆ ಇಳಿಯದೆ ಉಳಿದ ಮನೆಯವರ ದೂರಿನಿಂದಲೇ. ಈ ಮಾತಿಗೆ ಅಪವಾದವೆಂದು ಹೇಳಬಹುದಾದ ಒಂದು ಕುಟುಂಬ ಪುಣೆಯಲ್ಲಿತ್ತು. ವಿಧವೆಯರ ಶಿಕ್ಷಣಕ್ಕಾಗಿ ಆಶ್ರಮವನ್ನೂ, ಆ ಬಳಿಕ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದ ಧೋಂಡೋ ಕೇಶವ ಕರ್ವೆಯವರು ತಮ್ಮ ಕಥೆಯನ್ನು 1915ರಲ್ಲಿ ಮರಾಠಿಯಲ್ಲಿ ‘ಆತ್ಮವೃತ್ತ’ವಾಗಿಯೂ, 1936ರಲ್ಲಿ ಇಂಗ್ಲಿಷಿನಲ್ಲಿ ‘ಲುಕಿಂಗ್ ಬ್ಯಾಕ್’ ಎಂಬ ಹೆಸರಿನಲ್ಲಿಯೂ ಪ್ರಕಟಿಸಿದರೆ, ಅವರ ನಾದಿನಿ ಪಾರ್ವತಿಬಾಯಿ ಆಠವಲೆ 1928ರಲ್ಲಿ ‘ಮಾಝೀ ಕಹಾಣೀ’ಯನ್ನೂ, ಪತ್ನಿ ಆನಂದಿಬಾಯಿ 1944ರಲ್ಲಿ ‘ಮಾಝೆ ಪುರಾಣ’ವನ್ನೂ ಹೊರತಂದರು. ಹೀಗೆ ಒಂದೇ ಸೇವೆಯ ಕಥೆಯನ್ನು ಜಗಲಿಯಿಂದಲೂ ಅಡುಗೆಮನೆಯಿಂದಲೂ ನೋಡುವ ಅವಕಾಶ ಅಪರೂಪವಾದದ್ದು.

ಕರ್ವೆಯವರು ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಹಳ್ಳಿಯಲ್ಲಿದ್ದ ತಾಯಿಯ ತವರುಮನೆಯಲ್ಲಿ. ಸ್ವಂತ ಊರು ಅದೇ ಜಿಲ್ಲೆಯ ಕಡಲತಡಿಯ ಮುರುಡ್. ಬಡತನದ ಚಿತ್ಪಾವನ ಬ್ರಾಹ್ಮಣ ಕುಟುಂಬದ ಈ ಹುಡುಗ 1875ರಲ್ಲಿ ಆರನೆಯ ತರಗತಿಯ ಸರಕಾರಿ ಪರೀಕ್ಷೆಗೆ ಕೂರಲೆಂದು ಮುರುಡಿನಿಂದ ಸಾತಾರಕ್ಕೆ ಘಟ್ಟ ಹತ್ತಿ ನೂರು ಮೈಲಿಗೂ ಮಿಕ್ಕಿದ ದಾರಿಯನ್ನು ನಡೆದು ಹೋದರೆ, ಪರೀಕ್ಷೆಗೆ ಬೇಕಾದ 17 ವರ್ಷ ತುಂಬಿದಂತೆ ಕಾಣುವುದಿಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗ ಮಹಾರಾಷ್ಟ್ರದ ಶಾಲಾಮಕ್ಕಳಿಗೆಲ್ಲ ಗೊತ್ತು. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಪದವಿ ಪಡೆದು ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಅವರು, 1891ರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಆಹ್ವಾನದ ಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನ ಗಣಿತದ ಅಧ್ಯಾಪಕರಾದರು. ಅದೇ ವರ್ಷ, ಹದಿನಾಲ್ಕರ ಪ್ರಾಯದಲ್ಲಿ ಕೈಹಿಡಿದಿದ್ದ ಪತ್ನಿ ರಾಧಾಬಾಯಿ, ಒಂಬತ್ತು ವರ್ಷದ ಮಗ ರಘುನಾಥನನ್ನು ಬಿಟ್ಟು ತೀರಿಕೊಂಡರು.

ಆ ಕಾಲದ ರೂಢಿಯಂತೆ ಮೂವತ್ತಮೂರರ ವಿಧುರನಿಗೆ ಹತ್ತು-ಹನ್ನೆರಡರ ಕನ್ಯೆಯನ್ನು ತಂದು ಮದುವೆ ಮಾಡುವುದು ಸಹಜವಾಗಿತ್ತು. ಅದೇ ವಯಸ್ಸಿನ ವಿಧವೆಗೆ ಮಾತ್ರ ಬಾಳು ಮುಗಿದಂತೆಯೇ. ಗಂಡನ ಮನೆಯನ್ನು ಕಣ್ಣಿಂದ ಕಾಣುವ ಮುನ್ನವೇ ಗಂಡನನ್ನು ಕಳೆದುಕೊಂಡ ಹುಡುಗಿಯರಿಗೂ ತಲೆ ಬೋಳಿಸಿ, ಒಪ್ಪತ್ತು ಊಟಕ್ಕೆ ಇಳಿಸಿ, ಮಡಿಹೆಂಗಸೆಂಬ ಹೆಸರಿನಲ್ಲಿ ಮನೆಯ ಸಂಬಳವಿಲ್ಲದ ಆಳಾಗಿ ಇರಿಸಿಕೊಳ್ಳುವ ಪದ್ಧತಿ ಮೇಲ್ಜಾತಿಗಳಲ್ಲಿ ಗಟ್ಟಿಯಾಗಿತ್ತು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲವಾಗಿ 1856ರಲ್ಲಿಯೇ ಹಿಂದೂ ವಿಧವೆಯ ಮರುಮದುವೆಗೆ ಕಾನೂನಿನ ಮಾನ್ಯತೆ ದೊರೆತಿದ್ದರೂ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾಳೆಂಬ ಕಲಮು ಆ ಕಾನೂನಿನಲ್ಲಿಯೇ ಇದ್ದುದರಿಂದಲೂ, ಜಾತಿಯ ಕಟ್ಟು ಕಾನೂನಿಗಿಂತ ಬಲವಾಗಿದ್ದುದರಿಂದಲೂ, ಅದನ್ನು ಬಳಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಇಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಬರುತ್ತದೆ. ಕನ್ನಡ ನಾಡಿಗೂ ಈ ಕಥೆಗೂ ಇರುವ ನಿಜವಾದ ನಂಟು ಅವರದೇ. ಕರ್ವೆಯವರಿಗಿಂತ ಐದೇ ದಿನ ಕಿರಿಯರಾದ ರಮಾಬಾಯಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಜನರ ವಿರೋಧ ಕಟ್ಟಿಕೊಂಡ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಈ ರಮಾಬಾಯಿ ಅಮೆರಿಕೆಯಿಂದ ಹಿಂತಿರುಗಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ ‘ಶಾರದಾ ಸದನ’ವೆಂಬ ವಸತಿಶಾಲೆಗೆ ಸೇರಿದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಎಂಟರಲ್ಲಿ ಮದುವೆಯಾಗಿ, ತಿಂಗಳುಗಳು ಕಳೆಯುವುದರೊಳಗೆ ವಿಧವೆಯಾಗಿ, ಇಪ್ಪತ್ತು ದಾಟುವವರೆಗೂ ಅತ್ತೆಮನೆಯಲ್ಲಿ ದುಡಿದಿದ್ದ ಈಕೆಯನ್ನು ಅಣ್ಣ ನರಹರಪಂತ ಜೋಶಿ ಮುಂಬಯಿಗೆ ಕರೆತಂದು ಓದಿಗೆ ಹಚ್ಚಿದ್ದರು. ನರಹರಪಂತರು ಕರ್ವೆಯವರ ಗೆಳೆಯರು. ಮರುಮದುವೆಯಾಗುವುದಾದರೆ ವಿಧವೆಯನ್ನೇ ಆಗುವೆನೆಂದು ನಿಶ್ಚಯಿಸಿದ ಕರ್ವೆಯವರು ಗೋದೂಬಾಯಿಯ ತಂದೆಯ ಒಪ್ಪಿಗೆ ಪಡೆದು 1893ರ ಮಾರ್ಚ್ 11ರಂದು, ಅಂದರೆ ಸದನ ತೆರೆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷವಾದಾಗ, ಪುಣೆಯಲ್ಲಿ ಅವರನ್ನು ವಿವಾಹವಾದರು. ಮದುವೆಯ ಬಳಿಕ ಗೋದೂಬಾಯಿ ಆನಂದಿಬಾಯಿಯಾದರು. ಬಳಗದವರಿಗೆ ಅವರು ‘ಬಾಯಾ’, ಕರ್ವೆಯವರು ‘ಅಣ್ಣಾ’.

ಮುರುಡಿನ ಜನ ಸಭೆ ಸೇರಿ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂದರೆ ಕೇವಲ ಊಟದ ಪಂಕ್ತಿಯಿಂದ ಹೊರಗಿಡುವುದಲ್ಲ; ಬಹಿಷ್ಕೃತನನ್ನು ಮನೆಯೊಳಗೆ ಸೇರಿಸಿದವರಿಗೂ ಅದೇ ಶಿಕ್ಷೆ ತಗಲುವುದರಿಂದ ಹೆತ್ತ ತಾಯಿ ಮತ್ತು ಒಡಹುಟ್ಟಿದ ಅಣ್ಣ ಕೂಡ ಬಾಗಿಲು ಮುಚ್ಚಿಕೊಳ್ಳಬೇಕಾಗುತ್ತದೆ. ಮುಂಬಯಿಯಲ್ಲಿದ್ದಾಗಲೇ ತಮ್ಮೂರಿನ ಒಳಿತಿಗೆಂದು ‘ಮುರುಡ್ ನಿಧಿ’ಯನ್ನು ಆರಂಭಿಸಿದ್ದ ಮನುಷ್ಯನಿಗೆ ಅದೇ ಊರಿನಿಂದ ದೊರೆತ ಉತ್ತರ ಇದು. ಅದೇ ವರ್ಷದ ಕೊನೆಯಲ್ಲಿ ಅವರು ವಿಧವಾ ವಿವಾಹಕ್ಕೆ ಉತ್ತೇಜನ ಕೊಡುವ ಮಂಡಳಿಯೊಂದನ್ನು ಸ್ಥಾಪಿಸಿದರು. ಆದರೆ ಮದುವೆಗೆ ಮುಂದಾಗುವವರು ಕೆಲವರೇ, ಓದು ಮತ್ತು ಸ್ವಂತ ದುಡಿಮೆ ಬೇಕಾಗಿರುವುದು ಎಲ್ಲರಿಗೂ ಎಂಬುದು ಅವರಿಗೆ ಬೇಗ ಹೊಳೆಯಿತು. ರಮಾಬಾಯಿಯವರ ಸದನದಲ್ಲಿ ಹುಡುಗಿಯರು ಕ್ರೈಸ್ತಧರ್ಮದತ್ತ ಒಲಿಯುತ್ತಿದ್ದಾರೆಂಬ ಗದ್ದಲ 1893ರಲ್ಲಿ ಎದ್ದು ಪುಣೆಯ ಹಿಂದೂ ಮುಖಂಡರು ಅದರಿಂದ ದೂರ ಸರಿದಿದ್ದರು. ಹೀಗಾಗಿ ಅಂಥದೇ ಕೆಲಸವನ್ನು ಸಂಪ್ರದಾಯಸ್ಥರೂ ನಂಬುವಂತೆ ನಡೆಸುವ ಸಂಸ್ಥೆಯೊಂದಕ್ಕೆ ಜಾಗ ತೆರವಾಗಿತ್ತು. 1896ರಲ್ಲಿ ಆರಂಭವಾದ ‘ಅನಾಥ ಬಾಲಿಕಾಶ್ರಮ’ ಆ ಜಾಗವನ್ನು ತುಂಬಿತು. ಹೆಸರಿನಲ್ಲಿ ಬಾಲಿಕೆಯರಿದ್ದರೂ ಅದು ಮುಖ್ಯವಾಗಿ ವಿಧವೆಯರ ವಿದ್ಯಾಲಯ ಮತ್ತು ವಸತಿ.

ಪ್ಲೇಗಿನ ಹಾವಳಿ ಮತ್ತು ಊರಿನವರ ಕುಹಕ ಎರಡರಿಂದಲೂ ದೂರವಿರಲೆಂದು ಆಶ್ರಮವನ್ನು 1900ರಲ್ಲಿ ಪುಣೆಯ ಹೊರಗಿದ್ದ ಹಿಂಗಣೆ ಎಂಬ ಹಳ್ಳಿಗೆ, ದಾನಿಯೊಬ್ಬರು ಕೊಟ್ಟ ಆರು ಎಕರೆ ಜಾಗದಲ್ಲಿ ಕಟ್ಟಿದ ಗುಡಿಸಲಿಗೆ ಸಾಗಿಸಲಾಯಿತು. ಕಾಲೇಜಿನ ಪಾಠ ಮುಗಿಸಿಕೊಂಡು ಬೇಕಾದ ಸಾಮಾನನ್ನು ಹೊತ್ತು ಕರ್ವೆಯವರು ಸಂಜೆ ನಾಲ್ಕು ಮೈಲಿ ಕೆಸರುದಾರಿಯಲ್ಲಿ ನಡೆದು ಹಿಂಗಣೆಗೆ ಹೋಗಿ, ಅಲ್ಲಿನ ಹೆಂಗಸರಿಗೆ ಪಾಠ ಹೇಳಿ, ಬೆಳಗ್ಗೆ ಮತ್ತೆ ಕಾಲೇಜಿಗೆ ನಡೆದು ಬರುತ್ತಿದ್ದ ದಿನಗಳು ಇವು. ಅವರು ಆಗ ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು. ಎಂದರೆ ಹೆಚ್ಚಿನ ಸಂಬಳದ ಆಸೆ ಬಿಟ್ಟು, ತಿಂಗಳಿಗೆ 75 ರೂಪಾಯಿಗೆ, ದೀರ್ಘಕಾಲ ಆ ಸಂಸ್ಥೆಯಲ್ಲಿಯೇ ದುಡಿಯುವುದಾಗಿ ಮಾತು ಕೊಟ್ಟವರು. ಮಕ್ಕಳೊಂದಿಗೆ ಸಂಸಾರ ನಡೆಯಬೇಕಾಗಿದ್ದುದು ಅಷ್ಟರಲ್ಲಿಯೇ; ಅದರಲ್ಲಿ ಉಳಿದದ್ದು ಆಶ್ರಮಕ್ಕೆ. ಉಳಿತಾಯದ ಜೊತೆಗೆ, ತಾವು ಸತ್ತರೆ ಹೆಂಡತಿ ಮಕ್ಕಳಿಗೆ ಆಸರೆಯಾಗಬೇಕಿದ್ದ ಜೀವವಿಮೆಯ ಪಾಲಿಸಿಯನ್ನೂ ಅವರು ಸಂಸ್ಥೆಗೆ ಬರೆದುಕೊಟ್ಟರು.

ಗಂಡನ ಆತ್ಮಕಥೆಯನ್ನು ಓದುವಾಗ ಇದು ತ್ಯಾಗದ ಪ್ರಸಂಗವಾಗಿ ಕಾಣುತ್ತದೆ. ಹೆಂಡತಿಯ ಆತ್ಮಕಥೆಯನ್ನು ತೆರೆದವರಿಗೆ ಅದೇ ಸಂಗತಿ ಬೇರೆಯಾಗಿ ಕಾಣುವುದು ಅನಿವಾರ್ಯ, ಏಕೆಂದರೆ ಮನೆಯ ಖರ್ಚಿಗೆ ಎಷ್ಟು, ಆಶ್ರಮಕ್ಕೆ ಎಷ್ಟು ಎಂಬ ಜಗಳ ಆ ಸಂಸಾರದಲ್ಲಿ ಎಂದೂ ಪೂರ್ತಿ ತೀರಿದ್ದೇ ಇಲ್ಲ. ಬಾಯಾ ಗಂಡನ ಉದ್ದೇಶವನ್ನು ವಿರೋಧಿಸಿದವರಲ್ಲ. ಸ್ವತಃ ವಿಧವೆಯ ಬಾಳನ್ನು ಬದುಕಿದ್ದ ಅವರಿಗೆ ಆ ಉದ್ದೇಶ ಗಂಡನಿಗಿಂತ ಹೆಚ್ಚು ಅರ್ಥವಾಗಿತ್ತು ಎಂದರೂ ಸರಿಯೇ. ಆದರೆ ಮಕ್ಕಳ ಅನ್ನ, ಬಟ್ಟೆ, ಓದು ಯಾರದೋ ದಯೆಗೆ ಬೀಳಬಾರದೆಂಬ ಹಟ ಅವರದು. ಸೂಲಗಿತ್ತಿಯ ಕೆಲಸದ ತರಬೇತಿ ಪಡೆದು ಸ್ವಂತ ಸಂಪಾದನೆಗೆ ಇಳಿದದ್ದು ಆ ಹಟದಿಂದಲೇ. ಸಿಟ್ಟನ್ನೂ ನಗೆಯನ್ನೂ ಮುಚ್ಚಿಡದ, ಮಾತಿನ ಧಾಟಿಯಲ್ಲಿಯೇ ಸಾಗುವ ಆ ಪುಸ್ತಕವನ್ನು ಓದಿದ ಮೇಲೆ ‘ಲುಕಿಂಗ್ ಬ್ಯಾಕ್’ನ ಸಮಚಿತ್ತದ ಗದ್ಯ ಸ್ವಲ್ಪ ಸಪ್ಪೆಯಾಗಿ ಕಂಡರೆ ಅದು ಓದುಗರ ತಪ್ಪಲ್ಲ.

ಆಶ್ರಮದ ವ್ಯವಹಾರದಲ್ಲಿ ಇನ್ನೊಂದು ತೊಡಕಿತ್ತು. ಹುಡುಗಿಯನ್ನು ಓದಲು ಕಳುಹಿಸಿದರೆ ಮರುಮದುವೆ ಮಾಡಿಬಿಡುತ್ತಾರೆಂಬ ಅಂಜಿಕೆ ಪಾಲಕರಿಗೆ ಇದ್ದುದರಿಂದ, ಕರ್ವೆಯವರು ವಿವಾಹ ಮಂಡಳಿಯ ಹೊಣೆಯಿಂದ ಹಿಂದೆ ಸರಿದು, ಆಶ್ರಮ ಶಿಕ್ಷಣಕ್ಕೆ ಮಾತ್ರ ಎಂದು ಸಾರಬೇಕಾಯಿತು. ಮರುಮದುವೆಯಾದ ಬಾಯಾ ಅಂಥ ಸಂಸ್ಥೆಯ ಮುಂಚೂಣಿಯಲ್ಲಿ ನಿಲ್ಲುವುದು ಕಷ್ಟವಿತ್ತು. ಆ ಸ್ಥಾನಕ್ಕೆ ಬಂದವರು ಅವರ ತಂಗಿ ಪಾರ್ವತಿಬಾಯಿ. ಇಪ್ಪತ್ತರ ಹೊತ್ತಿಗೆ ವಿಧವೆಯಾಗಿ, ಎಳೆಯ ಮಗನೊಂದಿಗೆ ಬಂದು, ಅಕ್ಷರ ಕಲಿಯುವುದರಿಂದಲೇ ಶುರುಮಾಡಿ ಶಿಕ್ಷಕಿಯಾದ ಇವರು ಬಹುಕಾಲ ತಲೆ ಬೋಳಿಸಿಕೊಂಡೇ ಇದ್ದರು. ಬೋಳುತಲೆಯ ಮಡಿಹೆಂಗಸೊಬ್ಬಳು ಊರೂರು ತಿರುಗಿ, ಸಭೆಗಳಲ್ಲಿ ಎದ್ದು ನಿಂತು ವಿಧವೆಯರ ಓದಿಗೆ ಹಣ ಕೇಳಿದಾಗ ಸಂಪ್ರದಾಯಸ್ಥರಿಗೂ ಬಾಯಿ ಕಟ್ಟಿದಂತಾಗುತ್ತಿತ್ತು. ಮರುಮದುವೆ ತಮಗೆ ಬೇಡವೆಂದು ನಿರ್ಧರಿಸಿದ್ದ, ಆದರೆ ಕೊನೆಗೆ ಕೇಶಮುಂಡನದ ಪದ್ಧತಿಯನ್ನು ತಾವಾಗಿಯೇ ತೊರೆದ ಪಾರ್ವತಿಬಾಯಿ ಐವತ್ತರ ಅಂಚಿನಲ್ಲಿ ಇಂಗ್ಲಿಷ್ ಕಲಿಯಬೇಕೆಂದು ಅಮೆರಿಕೆಗೆ ಹೋಗಿ, ಅಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಂಡರು. ಅಕ್ಕ-ತಂಗಿಯರಲ್ಲಿ ಒಬ್ಬರು ಮುಖಪುಟಕ್ಕೆ, ಒಬ್ಬರು ಹಿನ್ನೆಲೆಗೆ ಎಂಬ ಈ ಹಂಚಿಕೆ ಸಂಸ್ಥೆಗೆ ಲಾಭವನ್ನೇ ತಂದಿತು. ಬಾಯಾ ಅವರಿಗೆ ಅದು ನ್ಯಾಯವಾಗಿತ್ತೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಮುಂದಿನ ಹೆಜ್ಜೆಗಳು ಬೇಗ ಬಂದವು. 1907ರಲ್ಲಿ ವಿಧವೆಯರಲ್ಲದ ಹುಡುಗಿಯರಿಗಾಗಿ ಮಹಿಳಾ ವಿದ್ಯಾಲಯ, 1908ರಲ್ಲಿ ‘ನಿಷ್ಕಾಮ ಕರ್ಮ ಮಠ’. ಈ ಮಠಕ್ಕೆ ಮಠಾಧಿಪತಿಯಿಲ್ಲ, ದೇವರಿಲ್ಲ. ಬಾಳನ್ನು ಸಂಸ್ಥೆಗೆ ಕೊಟ್ಟು, ಸಂಸ್ಥೆ ಕೊಟ್ಟಷ್ಟರಲ್ಲಿ ಬದುಕುತ್ತೇನೆಂದು ವ್ರತ ತೊಟ್ಟ ಸ್ತ್ರೀ-ಪುರುಷ ಕಾರ್ಯಕರ್ತರ ಕೂಟ ಅದು. 1914ರಲ್ಲಿ ಕಾಲೇಜಿನಿಂದ ನಿವೃತ್ತರಾದ ಕರ್ವೆಯವರ ಕೈಗೆ ಮರುವರ್ಷ ಟೋಕಿಯೋದ ಜಪಾನ್ ಮಹಿಳಾ ವಿಶ್ವವಿದ್ಯಾಲಯವನ್ನು ಕುರಿತ ಕಿರುಹೊತ್ತಗೆಯೊಂದು ಬಂದಿತು. 1915ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷಪೀಠದಿಂದ ಅವರು ಭಾರತಕ್ಕೂ ಅಂಥದೊಂದು ಬೇಕೆಂದು ಹೇಳಿ, ಆರು ತಿಂಗಳು ಕಳೆಯುವಷ್ಟರಲ್ಲಿ, 1916ರಲ್ಲಿ, ಐವರು ವಿದ್ಯಾರ್ಥಿನಿಯರೊಂದಿಗೆ ಅದನ್ನು ಹಿಂಗಣೆಯಲ್ಲಿ ಆರಂಭಿಸಿಯೇಬಿಟ್ಟರು. ಪಾಠ ಮಾತೃಭಾಷೆಯಲ್ಲಿ; ಇಂಗ್ಲಿಷ್ ಕಡ್ಡಾಯವಾದರೂ ಒಂದು ವಿಷಯವಾಗಿ ಮಾತ್ರ; ಗೃಹವಿಜ್ಞಾನ, ಆರೋಗ್ಯಶಾಸ್ತ್ರಗಳಿಗೆ ವಿಶೇಷ ಸ್ಥಾನ. ಸರಕಾರದ ಮಾನ್ಯತೆಯಿಲ್ಲದ ಈ ವಿಶ್ವವಿದ್ಯಾಲಯ ಬಿ.ಎ. ಎಂಬ ಹೆಸರನ್ನು ಬಿಟ್ಟು ‘ಗೃಹೀತಾಗಮಾ’, ಅಂದರೆ ವಿದ್ಯೆಯನ್ನು ಸ್ವೀಕರಿಸಿದವಳು, ಎಂಬ ಪದವಿಯನ್ನು ಕೊಡುತ್ತಿತ್ತು. 1920ರಲ್ಲಿ ಮುಂಬಯಿಯ ಗಿರಣಿ ಉದ್ಯಮಿ ಸರ್ ವಿಠ್ಠಲದಾಸ ಠಾಕರ್ಸಿ 15 ಲಕ್ಷ ರೂಪಾಯಿಯ ಕೊಡುಗೆಗೆ ಒಪ್ಪಿದ ಬಳಿಕ ಅದಕ್ಕೆ ಅವರ ತಾಯಿಯ ಹೆಸರು ಬಂತು, ಇಂದಿನ ಎಸ್‌.ಎನ್‌.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯ ಅದೇ.

ಹೆಣ್ಣಿಗೆ ಪ್ರತ್ಯೇಕ ಪಠ್ಯಕ್ರಮ ಬೇಕೆಂಬ ಕರ್ವೆಯವರ ನಿಲುವು ಇಂದಿನ ಓದುಗರಿಗೆ ಹಳೆಯದಾಗಿ ತೋರುವುದು ಸಹಜ. ಹೆಚ್ಚಿನ ಹೆಂಗಸರ ಬಾಳು ಗೃಹಿಣಿ ಮತ್ತು ತಾಯಿಯ ಕೆಲಸದಲ್ಲಿಯೇ ಕಳೆಯುತ್ತದೆ, ಆದ್ದರಿಂದ ಶಿಕ್ಷಣ ಅದಕ್ಕೆ ಒದಗಬೇಕು ಎಂಬ ಲೆಕ್ಕಾಚಾರ ಅವರದು. ಗಣಿತದ ಮೇಷ್ಟರ ಲೆಕ್ಕಾಚಾರವದು, ಕ್ರಾಂತಿಕಾರಿಯದಲ್ಲ. ಈ ಮಿತಿ ಸಿದ್ಧಾಂತದಲ್ಲಿ ಮಾತ್ರವಲ್ಲದೆ ಸ್ವಂತ ಮನೆಯಲ್ಲಿಯೂ ಕಾಣಿಸಿಕೊಂಡಿತು. ಬರ್ಮಾದಲ್ಲಿ ಹುಟ್ಟಿ, ಅಲ್ಲಿನ ನದಿಯ ಹೆಸರನ್ನೇ ಪಡೆದಿದ್ದ ಇರಾವತಿ 1926ರಲ್ಲಿ ಕರ್ವೆಯವರ ಮಗ ದಿನಕರನನ್ನು ಮದುವೆಯಾಗಿ ಆ ಮನೆಗೆ ಬಂದರು. ಎರಡು ವರ್ಷಗಳ ಬಳಿಕ ಆಕೆ ಸಂಶೋಧನೆಗಾಗಿ ಬರ್ಲಿನ್ನಿಗೆ ಹೊರಟಾಗ, ದೇಶದ ಹೆಣ್ಣುಮಕ್ಕಳಿಗೆಲ್ಲ ಓದು ಬೇಕೆಂದು ಜೋಳಿಗೆ ಹಿಡಿದಿದ್ದ ಮಾವನವರು ಅದನ್ನು ಒಪ್ಪಲಿಲ್ಲ. ಗಂಡನ ಬೆಂಬಲದಿಂದ ಇರಾವತಿ ಹೋದರು, ಡಾಕ್ಟರೇಟ್ ಪಡೆದು ಮರಳಿದರು, ಮಾವನೇ ಕಟ್ಟಿದ ವಿಶ್ವವಿದ್ಯಾಲಯದ ಕುಲಸಚಿವರಾಗಿ ಕೆಲವು ವರ್ಷ ದುಡಿದರು, ಕೊನೆಗೆ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಿಂದ ಮಾನವಶಾಸ್ತ್ರಜ್ಞೆಯಾಗಿ ಹೆಸರಾದರು. ಮಹಾಭಾರತದ ಪಾತ್ರಗಳನ್ನು ಮನುಷ್ಯರಾಗಿ ನೋಡಿದ ಅವರ ‘ಯುಗಾಂತ’ ಕನ್ನಡದ ಓದುಗರಿಗೂ ಪರಿಚಿತ.

ಹಿರಿಯ ಮಗ ರಘುನಾಥನ ಕಥೆ ಇನ್ನೂ ಬಿಗಿಯಾದದ್ದು. ತಂದೆಯಂತೆಯೇ ಗಣಿತದ ಅಧ್ಯಾಪಕರಾದ ಇವರು 1921ರಲ್ಲಿ, ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದ ವರ್ಷದಲ್ಲಿಯೇ, ಮುಂಬಯಿಯಲ್ಲಿ ಅಂಥದೇ ಸಲಹಾ ಕೇಂದ್ರವನ್ನು ತೆರೆದು, ಅದರಿಂದಾಗಿ ಕಾಲೇಜಿನ ಕೆಲಸವನ್ನು ಕಳೆದುಕೊಂಡರು. 1927ರಿಂದ ತಾವು ಸಾಯುವ 1953ರವರೆಗೂ ‘ಸಮಾಜ ಸ್ವಾಸ್ಥ್ಯ’ವೆಂಬ ಮರಾಠಿ ಮಾಸಿಕದಲ್ಲಿ ಲೈಂಗಿಕ ಆರೋಗ್ಯ ಮತ್ತು ಹೆಣ್ಣಿನ ದೇಹದ ಮೇಲಿನ ಅವಳದೇ ಹಕ್ಕಿನ ಬಗ್ಗೆ ಎಗ್ಗಿಲ್ಲದೆ ಬರೆದುದಕ್ಕೆ ಅಶ್ಲೀಲತೆಯ ಮೊಕದ್ದಮೆಗಳನ್ನು ಎದುರಿಸಿದರು, 1934ರ ಒಂದು ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಆ ಪತ್ರಿಕೆ ಮತ್ತು ಮನೆ ಎರಡೂ ನಡೆದದ್ದು ದುಡಿಯುತ್ತಿದ್ದ ಹೆಂಡತಿ ಮಾಲತಿಯವರ ಆಸರೆಯಿಂದ. ಊರೂರಿನ ದಾನಿಗಳ ವಿಶ್ವಾಸವನ್ನು ನೆಚ್ಚಿ ನಿಂತಿದ್ದ ತಂದೆಯ ಸಂಸ್ಥೆಗಳು ಮಗನ ಕೆಲಸದಿಂದ ದೂರವೇ ಉಳಿದವು. ತಂದೆ ಸಮಾಜವನ್ನು ಒಲಿಸಿಕೊಂಡು ಬದಲಿಸಹೊರಟವರು, ಮಗ ಅದನ್ನು ಕೆಣಕಿ ಬದಲಿಸಹೊರಟವರು. ವಿಧವೆಯ ಕೈಗೆ ಪುಸ್ತಕ ಕೊಟ್ಟ ಮನೆಯಲ್ಲಿಯೇ ಬೆಳೆದವನಿಗೆ ಅಷ್ಟಕ್ಕೇ ನಿಲ್ಲುವುದು ಸಾಧ್ಯವಾಗಲಿಲ್ಲವೆಂದು ಹೇಳಬಹುದು.

ಉಳಿದ ಮಕ್ಕಳಲ್ಲಿ ಶಂಕರ ಪೂರ್ವ ಆಫ್ರಿಕಾದಲ್ಲಿ ವೈದ್ಯರಾದರು, ದಿನಕರ ರಸಾಯನಶಾಸ್ತ್ರದ ಅಧ್ಯಾಪಕರಾಗಿ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು, ಭಾಸ್ಕರ ಹಿಂಗಣೆಯ ಸಂಸ್ಥೆಯಲ್ಲಿಯೇ ದುಡಿದರು. ಎಪ್ಪತ್ತು ದಾಟಿದ ಮೇಲೆ ಕರ್ವೆಯವರು ಯುರೋಪ್, ಅಮೆರಿಕ, ಜಪಾನುಗಳನ್ನೂ, ಆ ಬಳಿಕ ಆಫ್ರಿಕಾವನ್ನೂ ಸುತ್ತಿ ವಿಶ್ವವಿದ್ಯಾಲಯದ ಪರವಾಗಿ ಮಾತನಾಡಿದರು. ಬರ್ಲಿನ್ನಿನಲ್ಲಿ ಐನ್‌ಸ್ಟೈನರನ್ನು ಕಂಡರು. ‘ಲುಕಿಂಗ್ ಬ್ಯಾಕ್’ ಪ್ರಕಟವಾದ 1936ರಲ್ಲಿಯೇ, ತಮ್ಮ 78ನೆಯ ವಯಸ್ಸಿನಲ್ಲಿ, ಶಾಲೆಯಿಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ತೆರೆಯುವ ಮಂಡಳಿಯನ್ನು ಕಟ್ಟಿ ಮತ್ತೆ ಮನೆಮನೆಗೆ ಹೋಗಿ ಚಂದಾ ಎತ್ತಿದ್ದನ್ನು ನೋಡಿದರೆ, ಆತ್ಮಕಥೆ ಬರೆದದ್ದು ಬಾಳಿನ ಕೊನೆಯ ಲೆಕ್ಕ ಒಪ್ಪಿಸಲೆಂದಲ್ಲ ಎಂಬುದು ಸ್ಪಷ್ಟವಾಗುತ್ತದೆ. 1944ರಲ್ಲಿ ಜಾತಿಭೇದದ ವಿರುದ್ಧ ‘ಸಮತಾ ಸಂಘ’ ಬಂತು. ಬಾಯಾ 1950ರಲ್ಲಿ ತೀರಿಕೊಂಡರು. ಕರ್ವೆಯವರಿಗೆ ನೂರು ತುಂಬಿದ 1958ರಲ್ಲಿ ಭಾರತರತ್ನ ಪ್ರಶಸ್ತಿ ಬಂತು, ಅಂಚೆಚೀಟಿಯೂ ಹೊರಬಂತು. 1962ರ ನವೆಂಬರ್ 9ರಂದು, 104ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಹಿಂಗಣೆ ಈಗ ಪುಣೆ ನಗರದ ನಡುವಿನ ಕರ್ವೆನಗರ.

ಮರುವರ್ಷ ದಿನಕರ ಕರ್ವೆಯವರು ಮಹಾರಾಷ್ಟ್ರದ ಐದು ಬ್ರಾಹ್ಮಣ ಕುಟುಂಬಗಳ ಆತ್ಮಕಥನಗಳನ್ನು ಆಯ್ದು ಇಂಗ್ಲಿಷಿಗೆ ಅನುವಾದಿಸಿದ ‘ದಿ ನ್ಯೂ ಬ್ರಾಹ್ಮಣ್ಸ್’ ಎಂಬ ಪುಸ್ತಕ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ತಂದೆಯ ಬರಹವನ್ನೊಂದೇ ಕೊಡದೆ ತಾಯಿಯ ಬರಹವನ್ನೂ ಅದರೊಂದಿಗೇ ಇಟ್ಟರು. ಮಾವನನ್ನು ಕುರಿತ ಇರಾವತಿಯವರ ಪ್ರಬಂಧವೂ ಅಲ್ಲಿದೆ. ಅಂಥವರ ಸೊಸೆಯಾಗಿ ಬಾಳುವುದು ಹೆಮ್ಮೆಯ ವಿಷಯವಾದರೂ ಹೆಂಡತಿಯಾಗಿ ಬಾಳುವುದು ಬೇರೆಯೇ ಮಾತು ಎಂಬ ಭಾವವನ್ನು ಆಕೆ ಮುಚ್ಚಿಟ್ಟಿಲ್ಲ. 1972ರಲ್ಲಿ ವಸಂತ ಕಾನೇಟ್ಕರರು ಈ ದಂಪತಿಯ ಬಾಳನ್ನು ಆಧರಿಸಿ ‘ಹಿಮಾಲಯಾಚೀ ಸಾವಲೀ’ ಎಂಬ ಮರಾಠಿ ನಾಟಕವನ್ನು ಬರೆದಾಗ ರಂಗದ ನಡುವೆ ನಿಂತದ್ದು ಗಂಡನಷ್ಟೇ ಅಲ್ಲ, ಜಗಳವಾಡುತ್ತಲೇ ಅವನ ಸಂಸಾರವನ್ನು ಹೊತ್ತ ಹೆಂಡತಿ. ಪೈಸೆ ಪೈಸೆಗೂ ಲೆಕ್ಕವಿಟ್ಟ ಕರ್ವೆಯವರ ಸಂಸ್ಥೆಗಳಿಗೆ ವಾರ್ಷಿಕ ವರದಿಗಳಿವೆ. ಅದೇ ವರ್ಷಗಳಲ್ಲಿ ಅವರ ಮನೆ ಹೇಗೆ ನಡೆಯಿತೆಂದು ತಿಳಿಯಬೇಕಾದವರು ಇಂದಿಗೂ ‘ಮಾಝೆ ಪುರಾಣ’ವನ್ನೇ ತೆರೆಯಬೇಕಾಗುತ್ತದೆ.